ಸೋಪಿನ ಡಬ್ಬದ ಬಿಲ್ಲೆಗಳು

ಇದನ್ನು ಮೊದಲು ಹೇಳಿದವಳು ಲಾಂಡ್ರಿ ಅಕ್ಕ. ಅಣುಸ್ಥಾವರದ ಒಳಗೆ ದುಡಿಯುವವರ ಬಿಳಿ ಉಡುಪುಗಳನ್ನು ಇಪ್ಪತ್ತೆರಡು ವರ್ಷ ಒಗೆದವಳು. ಸ್ಥಾವರ ಮುಚ್ಚಿ ಎರಡು ವರ್ಷ ತುಂಬಿದ ಮೇಲಿನ ಒಂದು ಗುರುವಾರ, ಮಧ್ಯಾಹ್ನ ಮೂರರ ಸುಮಾರಿಗೆ, ಗೇಟಿನೆದುರಿನ ಪಾಳಿ ಬಸ್ಸಿನ ತಂಗುದಾಣದಲ್ಲಿ ಕೂತು ಹೇಳಿದಳು. ಆ ಬಸ್ಸು ಈಗ ಬರುವುದಿಲ್ಲ. ಆದರೂ ಎರಡನೆಯ ಪಾಳಿಯ ಹೊತ್ತಿಗೆ ಹತ್ತು ಹನ್ನೆರಡು ಜನ ಅಲ್ಲಿಗೆ ಬಂದು ಕೂರುವುದು ತಪ್ಪಿಲ್ಲ; ಮನೆಯಲ್ಲಿ ಕೂತರೆ ಹೆಂಡತಿಯ ಮುಖ ನೋಡಬೇಕಾಗುತ್ತದೆ ಎನ್ನುತ್ತಾರೆ. ಇದೇ ಸಂಗತಿ ಬೇರೆಯವರ ಬಾಯಲ್ಲೂ ಓಡಾಡುತ್ತಿದೆ, ಗಂಟೆ ನಿಮಿಷಗಳಲ್ಲಿ ಒಂದಿಷ್ಟು ಹೆಚ್ಚುಕಡಿಮೆಯೊಂದಿಗೆ. ಇಲ್ಲಿರುವುದು ಅಕ್ಕ ಹೇಳಿದ ಕ್ರಮ.

“ಸುಳ್ಳು ಬೊಗಳೋಕೂ ಒಂದು ಮಿತಿ ಇರ್ಬೇಕು ಕಣಯ್ಯ. ನೀನು ಒಳಗೇ ಹೋಗಿಲ್ಲ.”

ಹೀಗೆಂದವನು ಪಟ್ಟಿ ಸಾಹೇಬ. ಹಳೆಯದಾದ ಸ್ಥಾವರವನ್ನು ಮುಚ್ಚುವ ತೀರ್ಮಾನವಾದ ಮೇಲೆ ಮೇಲಿನ ಕಚೇರಿಯಿಂದ ಬಂದಿಳಿದವನು. ಗುತ್ತಿಗೆಯ ನಾನೂರು ಜನರಲ್ಲಿ ನಲವತ್ತು ಮಂದಿಯನ್ನು ಆರಿಸಿ ಪಟ್ಟಿ ಮಾಡಿ, ಸ್ಥಾವರವನ್ನು ಬಿಚ್ಚಿ ಕೆಡವುವ ಹತ್ತು ವರ್ಷದ ಕೆಲಸಕ್ಕೆ ಉಳಿಸಿಕೊಳ್ಳುವುದು ಅವನ ಹೊಣೆ. ಒಳಗೆ ದುಡಿದು ಅನುಭವವಿದ್ದವರಿಗೆ ಮೊದಲ ಅವಕಾಶ ಎಂದು ಗೇಟಿನಲ್ಲಿ ನೋಟೀಸು ಅಂಟಿಸಿದ್ದರು. ಆ ನೋಟೀಸನ್ನು ಎರಡೆರಡು ಸಲ ಓದಿ, ಗಡ್ಡ ಬೋಳಿಸಿಕೊಂಡು, ನಂಬಿಕೆಯಿಂದ ಬಂದು ನಿಂತವನನ್ನು ಎಲ್ಲರೂ ಮೂರ್ನಿಮಿಷ ಎಂದು ಕರೆಯುತ್ತಿದ್ದರು. ಅಕ್ಕನಿಗೆ ಮೈದುನ, ತೀರಿಹೋದ ಗಂಡನ ತಮ್ಮ. ವಯಸ್ಸು ಐವತ್ತಕ್ಕೆ ಎರಡು ಕಡಿಮೆ; ಕೂದಲು ಮಾತ್ರ ಎಪ್ಪತ್ತರದು.

“ಇಪ್ಪತ್ತೆರಡು ವರ್ಷ ಸಾರ್. ಒಳಗಿರೋ ಒಂದೊಂದು ವಾಲ್ವೂ ನನ್ನ ಕೈಗೆ ಗೊತ್ತು. ಕಣ್ಣು ಕಟ್ಟಿ ಬಿಡಿ ಬೇಕಾದ್ರೆ, ಮುಟ್ಟಿ ಹೇಳ್ತೀನಿ.”

“ಕಣ್ಣಾಮುಚ್ಚಾಲೆ ಆಡೋಕೆ ಬಂದಿದೀಯಾ ಇಲ್ಲಿ?” ಸಾಹೇಬ ಕಂಪ್ಯೂಟರಿನ ಪರದೆಯನ್ನು ಅವನ ಕಡೆಗೆ ತಿರುಗಿಸಿದ. “ನೋಡು. ನಿನಗೆ ಬಿದ್ದಿರೋ ವಿಕಿರಣದ ಡೋಸು. ಹೋದ ವರ್ಷ ಸೊನ್ನೆ. ಅದರ ಹಿಂದಿನ ವರ್ಷ ಸೊನ್ನೆ. ಅದರಾಚೆ? ಸೊನ್ನೆ. ಗೇಟ್ ಹೊರಗಡೆ ಕಸ ಗುಡಿಸೋ ಮುದುಕಿಗೂ ನಿನಗಿಂತ ಜಾಸ್ತಿ ಇದೆ. ಇಪ್ಪತ್ತೆರಡು ವರ್ಷ ಎಲ್ಲಯ್ಯ ಮಲಗಿದ್ದೆ?”

ಇಬ್ಬರು ಗುಮಾಸ್ತರು ನಕ್ಕರು. ಗೋಡೆಗೆ ಒರಗಿ ಟೀ ಕುಡಿಯುತ್ತಿದ್ದ ಮೇಸ್ತ್ರಿಯೂ ನಕ್ಕ. ಗುತ್ತಿಗೆದಾರನ ಕಡೆಯಿಂದ ನಾನೂರು ಜನರ ಮೇಲೆ ಯಜಮಾನಿಕೆ ಮಾಡಿದವನು ಅವನೇ. ಮೂರ್ನಿಮಿಷ ಅವನತ್ತ ತಿರುಗಿದ.

“ಮೇಸ್ತ್ರಿಗಳೇ, ನೀವಾದ್ರೂ ಬಾಯಿ ಬಿಡಿ. ಫಿಲ್ಟರ್ ರೂಮಿಗೆ ದಿನಾ ನನ್ನನ್ನ ಕಳಿಸ್ತಿದ್ದೋರು ಯಾರು?”

“ನಾನೂರು ಜನ ಸಾರ್ ನನ್ನ ಕೈ ಕೆಳಗೆ. ಯಾವನು ಎಲ್ಲಿ ಬಿದ್ಕೊಂಡಿದ್ದ ಅಂತ ನಾನೇನು ಹಣೇಲಿ ಬರ್ಕೊಂಡಿದೀನಾ?”

“ನೀವೇ ತಾನೆ ಬಿಲ್ಲೆ ಬಿಚ್ಚಿಟ್ಟು ಹೋಗು ಅಂದಿದ್ದು!”

ಮೇಸ್ತ್ರಿಯ ನಗು ನಿಂತಿತು. “ಏಯ್, ನಾಲಿಗೆ ಹಿಡಿತದಲ್ಲಿರ್ಲಿ. ಸೀಳ್ಬಿಡ್ತೀನಿ, ಹಲ್ಕಟ್ ನನ್ಮಗನೆ.”

ಪಟ್ಟಿ ಸಾಹೇಬ ಕೈಯೆತ್ತಿ ಇಬ್ಬರನ್ನೂ ತಡೆದ. ಅವನು ಕೂಗಾಡುವ ಜಾತಿಯವನಲ್ಲ; ವಿವರಿಸುವವನು. “ಈಗ ನೋಡು. ದಾಖಲೆ ನಿಜ ಅಂದ್ರೆ ನೀನು ಒಳಗೆ ಹೋಗಿಲ್ಲ, ಅನುಭವ ಇಲ್ಲ, ಪಟ್ಟೀಲಿ ಜಾಗ ಇಲ್ಲ. ದಾಖಲೆ ಸುಳ್ಳು ಅಂದ್ರೆ ನೀನು ಬಿಲ್ಲೆ ಬಚ್ಚಿಟ್ಟು ಮೋಸ ಮಾಡಿದೀಯ, ಅದಕ್ಕೆ ಕೇಸು. ಯಾವ್ದು ಬೇಕು ನೀನೇ ಆರಿಸ್ಕೋ.”

ಮೂರ್ನಿಮಿಷ ಪರದೆಯ ಸೊನ್ನೆಗಳನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ಓದಿದ.

“ಶುಕ್ರವಾರದೊಳಗೆ ಬಿಲ್ಲೆ ವಾಪಸ್ ಕೊಡು. ಮನೆ ಖಾಲಿ ಮಾಡೋಕೆ ತಿಂಗಳ ಕೊನೆವರೆಗೆ ಟೈಮಿದೆ. ಮುಂದಿನವನು ಯಾರು, ಬಾ.”

ಬಿಲ್ಲೆಯ ಕಥೆ ಗೊತ್ತಿಲ್ಲದವರಿಗೆ ಅಕ್ಕ ಇಲ್ಲಿ ನಿಲ್ಲಿಸಿ ಬಿಡಿಸಿ ಹೇಳುತ್ತಾಳೆ.

ಬಿಲ್ಲೆಯೆಂದರೆ ಎದೆಯ ಮೇಲೆ ಸಿಕ್ಕಿಸಿಕೊಳ್ಳುವ ಪ್ಲಾಸ್ಟಿಕ್ಕಿನ ಚಿಕ್ಕ ತುಂಡು. ಮೈಮೇಲೆ ಬಿದ್ದ ವಿಕಿರಣವನ್ನೆಲ್ಲ ಅದು ಸದ್ದಿಲ್ಲದೆ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಬೇರೆ ಊರಿಗೆ ಕಳಿಸಿ ಓದಿಸುತ್ತಾರೆ. ಅಂಕಿ ವರ್ಷದ ಮಿತಿಯನ್ನು ದಾಟಿದವನು ಮತ್ತೆ ಒಳಗೆ ಕಾಲಿಡುವಂತಿಲ್ಲ. ಅವನು ಕಾಯಂ ನೌಕರನಾದರೆ ಹೊರಗೆ ಒಂದು ಕುರ್ಚಿ ಹಾಕಿ ಕೂರಿಸುತ್ತಾರೆ. ಗುತ್ತಿಗೆಯವನಾದರೆ ಮನೆಗೆ ಕಳಿಸುತ್ತಾರೆ, ವರ್ಷ ತಿರುಗುವವರೆಗೆ. ಇದಕ್ಕೆ ಕೂಲಿಯವರ ಓಣಿಯಲ್ಲಿ ‘ತುಂಬಿಹೋಗುವುದು’ ಎಂದು ಹೆಸರು. “ನಿಮ್ಮನೆಯೋರು ತುಂಬಿಹೋದ್ರಂತೆ?” ಎಂದು ನಲ್ಲಿಯ ಬಳಿ ಹೆಂಗಸರು ಕೇಳುವಾಗ ದನಿ ತಗ್ಗಿಸುತ್ತಿದ್ದರು, ಸಾವಿನ ಮನೆಯಲ್ಲಿ ಮಾತಾಡುವಂತೆ.

ತುಂಬದೆ ಉಳಿಯುವ ಉಪಾಯವನ್ನು ಮೇಸ್ತ್ರಿಯೇ ಕಲಿಸಿದ. ಲಾಂಡ್ರಿಯ ಕೋಣೆ ಒಳಗಿಗೂ ಹೊರಗಿಗೂ ನಡುವೆ ಇದೆ. ಹೊರಗಿನ ಕಿಟಕಿಯಲ್ಲಿ ಅಕ್ಕ ಒಗೆದ ಉಡುಪು ಕೊಡುತ್ತಾಳೆ. ಒಳಗಿನ ಕಿಟಕಿಯಲ್ಲಿ ಮೈಲಿಗೆಯಾದದ್ದು ವಾಪಸ್ಸು ಬರುತ್ತದೆ. ಗೇಟಿನಲ್ಲಿ ಕಾವಲಿನವನಿಗೆ ಬಿಲ್ಲೆ ತೋರಿಸಿ ಬಂದವರು ಉಡುಪು ತೆಗೆದುಕೊಳ್ಳುವಾಗ ಬಿಲ್ಲೆಯನ್ನು ಅಕ್ಕನ ಅಂಗೈಗೆ ಹಾಕುತ್ತಿದ್ದರು. ಅಕ್ಕ ಅದನ್ನು ಸೋಪಿನ ಪುಡಿಯ ದೊಡ್ಡ ಡಬ್ಬದಲ್ಲಿ ಹೂತಿಡುತ್ತಿದ್ದಳು. ಪಾಳಿ ಮುಗಿದ ಮೇಲೆ ಕೊಡವಿ ಒರೆಸಿ ವಾಪಸ್ಸು. ಹೀಗೆ ಹನ್ನೊಂದು ಜನರದು.

“ಅಕ್ಕಾ, ಚೆನ್ನಾಗಿ ಬಿಳುಪು ಮಾಡು, ಸೊನ್ನೆ ಬರ್ಬೇಕು.”

“ಅಕ್ಕಾ, ನನ್ನದನ್ನ ಅವನದರ ಪಕ್ಕ ಇಡ್ಬೇಡ, ಅಂಟುರೋಗ ಇದೆ ಅವನಿಗೆ.”

“ಬಿಲ್ಲೆಗಾದ್ರೂ ನೆರಳಲ್ಲಿ ಕೂರೋ ಯೋಗ ಇದೆ ನೋಡು.”

ಹೀಗೆ ನಗುತ್ತ ಒಳಗೆ ಹೋಗುತ್ತಿದ್ದರು. ಎಂಜಿನಿಯರುಗಳಿಗೆ ಇದು ಗೊತ್ತಿರಲಿಲ್ಲವೆಂದು ಅಕ್ಕ ಹೇಳುವುದಿಲ್ಲ. ಅವರು ಲಾಂಡ್ರಿಯ ಮುಂದೆ ಹಾಯುವಾಗ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಮೂರ್ನಿಮಿಷನ ಹೆಸರು ಬಂದದ್ದು ಫಿಲ್ಟರ್ ರೂಮಿನಿಂದ. ಸ್ಥಾವರದೊಳಗೆ ತಿರುಗುವ ನೀರಿನ ಕೊಳೆಯೆಲ್ಲ ಸೋಸಿ ನಿಲ್ಲುವ ಜಾಗ ಅದು. ಅಲ್ಲಿ ಒಬ್ಬ ಮನುಷ್ಯ ಇರಬಹುದಾದದ್ದು ಮೂರು ನಿಮಿಷ. ವಿಕಿರಣ ಅಳೆಯುವ ಮೀಟರಿನವನು ಬಾಗಿಲ ಆಚೆ ನಿಂತು ಸೀಟಿ ಊದುತ್ತಾನೆ; ಊದಿದೊಡನೆ ಕೈಯಲ್ಲಿದ್ದ ಸ್ಪ್ಯಾನರು ಬಿಟ್ಟು ಓಡಿಬರಬೇಕು. ಒಂದು ಫಿಲ್ಟರು ಬದಲಾಯಿಸಲು ಒಬ್ಬರಾದ ಮೇಲೊಬ್ಬರಂತೆ ಮೂವರು ಬೇಕಾಗುತ್ತಿತ್ತು. ಅವನೊಬ್ಬನೇ ಮೂರು ನಿಮಿಷದಲ್ಲಿ ಮುಗಿಸುತ್ತಿದ್ದ. ಬಿಲ್ಲೆ ಸೋಪಿನ ಡಬ್ಬದಲ್ಲಿ ತಣ್ಣಗಿರುತ್ತಿದ್ದುದರಿಂದ ದಿನಕ್ಕೆ ನಾಲ್ಕು ಸಲವೂ ಹೋಗುತ್ತಿದ್ದ.

“ಅವನ ಸೊನ್ನೆಗಳನ್ನ ಸಾಕಿದೋಳು ನಾನೇ,” ಎಂದಳು ಅಕ್ಕ.

ಅಂದು ಸಂಜೆ ಅವಳು ಮೈದುನನ ಮನೆಗೆ ಹೋದಳು. ಕೂಲಿಯವರ ಓಣಿಯಲ್ಲಿ ಗೋಡೆಗೆ ಗೋಡೆ ತಾಗಿದ ಎರಡು ಕೋಣೆಯ ಮನೆ. ಕೆಲಸವಿದ್ದವರಿಗೆ ಮಾತ್ರ ಸ್ಥಾವರದವರು ಕೊಡುತ್ತಿದ್ದದ್ದು. ಅವನ ಹೆಂಡತಿ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಟ್ಟುತ್ತಿದ್ದಳು. ಎಲ್ಲಿಗೆ ಹೋಗುವುದೆಂದು ತಿಳಿಯದೆಯೇ ಕಟ್ಟಲು ಶುರುಮಾಡಿದ್ದಳು. ಅವನು ಬಾಗಿಲಲ್ಲಿ ಕೂತಿದ್ದ. ಸ್ಥಾವರದಿಂದ ಬಂದವನು ನೇರ ಪೇಟೆಯ ಗೋದಾಮಿಗೆ ಹೋಗಿ ಕೆಲಸ ಕೇಳಿ ಬಂದಿದ್ದ.

“ಏನಂದ್ರೋ ಗೋದಾಮಿನೋರು?” ಅಕ್ಕ ಕೇಳಿದಳು.

“ಪ್ಲಾಂಟಿನೋನಾ ಅಂದ್ರು. ಹೂಂ ಅಂದೆ. ಒಳಗೆ ಹೋಗ್ತಿದ್ಯಾ ಅಂದ್ರು. ಹೂಂ ಅಂದೆ. ಮಾತಾಡ್ತಿದ್ದೋನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ನಮ್ಮ ಹಮಾಲರು ನಿನ್ನ ಪಕ್ಕ ಕೂತು ಉಣ್ಣಲ್ಲ, ಹೋಗು ಅಂದ.”

ಹೆಂಡತಿ ಗಂಟನ್ನು ಹಲ್ಲಿನಿಂದ ಬಿಗಿದು ನಕ್ಕಳು.

“ಇಲ್ಲ ಸ್ವಾಮಿ ಹೋಗೇ ಇಲ್ಲ ಅನ್ಬೇಕಿತ್ತು! ಸಾಹೇಬ್ರೇ ಹೇಳಿದಾರೆ ಬೇಕಾದ್ರೆ ಕೇಳಿ ಅನ್ಬೇಕಿತ್ತು! ಅಲ್ಲಿ ಒಳಗೆ ಹೋಗಿಲ್ಲ ಅಂತ ಓಡಿಸ್ತಾರೆ, ಇಲ್ಲಿ ಹೋಗಿದ್ದೆ ಅಂತ ಓಡಿಸ್ತಾರೆ. ನೀವು ಇದೀರೋ ಇಲ್ವೋ ಅಂತ ನನಗೇ ಅನುಮಾನ ಬರ್ತಿದೆ. ರಾತ್ರಿಯೆಲ್ಲ ಪಕ್ಕದಲ್ಲಿ ನರಳೋನು ಯಾರು ಹಾಗಾದ್ರೆ? ಹಲ್ಲುಜ್ಜಿದ್ರೆ ರಕ್ತ ಉಗುಳೋನು ಯಾರು?”

“ಸಾಕು ಬಿಡೇ.”

“ಯಾಕೆ ಬಿಡ್ಲಿ? ಎಷ್ಟು ಜನ ತುಂಬಿಹೋಗಿ ವರ್ಷವಿಡೀ ಮನೇಲಿ ಕೂತ್ರು, ಅವರಿಗೆಲ್ಲ ಪಟ್ಟೀಲಿ ಜಾಗ ಸಿಕ್ತು. ನೀವು ಒಂದಿನ ರಜ ಹಾಕ್ದೆ ಸತ್ತ್ರಿ. ನಿಮ್ಮ ಬುದ್ಧಿಗೆ ಬೆಂಕಿ ಹಾಕ.”

ಅಕ್ಕ ಅವಳ ಕೈಯಿಂದ ಗಂಟನ್ನು ತೆಗೆದು ಕೆಳಗಿಟ್ಟಳು. “ನಾಳೆ ನಾನು ಹೋಗಿ ಹೇಳ್ತೀನಿ. ಬಿಲ್ಲೆ ನನ್ನ ಹತ್ರ ಇರ್ತಿತ್ತು ಅಂತ. ಸಾಕ್ಷಿ ಬೇಕು ತಾನೆ ಅವರಿಗೆ?”

ಮೂರ್ನಿಮಿಷ ತಲೆಯೆತ್ತಿದ. “ಬೇಡಿ ಅತ್ತಿಗೆ. ನಿಮ್ಮ ಹೆಸರು ಪಟ್ಟೀಲಿ ಬಂದಿದೆ. ಕೆಡವೋರಿಗೂ ಬಟ್ಟೆ ಒಗೆಯೋರು ಬೇಕು. ಒಂದು ಮನೇಲಾದ್ರೂ ಒಲೆ ಉರೀಲಿ.”

ಆದರೂ ಹೋದಳು. ಪಟ್ಟಿ ಸಾಹೇಬ ಅವಳನ್ನು ನೋಡಿ, “ಏನಮ್ಮ, ಸೋಪು ಖಾಲಿಯಾಯ್ತಾ?” ಎಂದ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಡಬ್ಬ, ಕಿಟಕಿ, ಮೇಸ್ತ್ರಿಯ ಮಾತು, ಇಪ್ಪತ್ತೆರಡು ವರ್ಷ. ಸಾಹೇಬ ಗುಮಾಸ್ತರನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿಸಿದ. ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಅವಳ ಮುಂದೆ ಸರಿಸಿದ.

“ಬರಿ. ನಿನ್ನ ಕೈಯಾರೆ ಬರಿ. ಯಾರ್ಯಾರ ಬಿಲ್ಲೆ ಅಂತ ಹನ್ನೊಂದು ಹೆಸರೂ ಬರಿ. ಮೊದಲು ಪಟ್ಟಿಯಿಂದ ನಿನ್ನ ಹೆಸರು ಹೋಗುತ್ತೆ. ಆಮೇಲೆ ಪೊಲೀಸರು ಹನ್ನೊಂದು ಮನೆ ಬಾಗಿಲು ತಟ್ತಾರೆ. ಅವರಲ್ಲಿ ಇಬ್ಬರು ಸತ್ತಿದಾರೆ ಅಲ್ವಾ? ಅವರ ಹೆಂಡತಿಯರನ್ನ ಕರೆಸ್ತಾರೆ. ಎಲ್ಲರಿಗೂ ಹೇಳು, ಲಾಂಡ್ರಿ ಅಕ್ಕನೇ ಬರೆದು ಕೊಟ್ಟಿದ್ದು ಅಂತ.”

ಗೋಡೆಯ ಬಳಿ ಮೇಸ್ತ್ರಿ ಇದ್ದ. “ಸುಮ್ನೆ ಬಟ್ಟೆ ಒಗ್ಕೊಂಡು ಬಿದ್ದಿರೋದು ಬಿಟ್ಟು ವಕೀಲಿಕೆ ಮಾಡೋಕೆ ಬಂದ್ಲು ನೋಡಿ ಸಾರ್, ಮುಂಡೆ,” ಎಂದ.

ಅಕ್ಕ ಪೆನ್ನು ಹಿಡಿದಳು. ಹಾಳೆಯ ಮೇಲೆ ಊರಿದಳು. ಒಂದು ಚುಕ್ಕೆ ಮೂಡಿತು. ಆಮೇಲೆ ಪೆನ್ನನ್ನು ಕೆಳಗಿಟ್ಟಳು.

“ಕೆಳಗಿಟ್ಟ ಕೈ ಇದೇ,” ಎಂದು ತಂಗುದಾಣದಲ್ಲಿ ಕೂತವರಿಗೆ ಬಲಗೈ ಚಾಚಿ ತೋರಿಸಿದಳು. ಸೋಪಿಗೆ ಬೆರಳ ತುದಿಗಳೆಲ್ಲ ಬಿರಿದ ಕೈ.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಮೂರ್ನಿಮಿಷ ಲಾಂಡ್ರಿಯ ಕಿಟಕಿಗೆ ಬಂದ. ಬಿಲ್ಲೆ ವಾಪಸ್ಸು ಕೊಡಲು ಬಂದಿದ್ದೇನೆಂದು ಗೇಟಿನಲ್ಲಿ ಹೇಳಿ ಒಳಗೆ ಬಂದಿದ್ದ.

“ಅತ್ತಿಗೆ, ಒಂದು ಜೊತೆ ಉಡುಪು ಕೊಡಿ.”

“ಎಲ್ಲಿಗೋ?”

“ಒಳಗೆ ಹೋಗಿಲ್ಲ ಅಂದ್ರಲ್ಲ. ಹೋಗಿ ಬರ್ತೀನಿ.”

ಅವಳು ಉಡುಪು ಕೊಟ್ಟಳು. ಕೊಟ್ಟವಳು ಅಭ್ಯಾಸಬಲದಿಂದ ಬಿಲ್ಲೆಗಾಗಿ ಅಂಗೈಯನ್ನೂ ಚಾಚಿದಳು. ಅವನು ತಲೆಯಾಡಿಸಿ, ಬಿಲ್ಲೆಯನ್ನು ಬಿಳಿ ಉಡುಪಿನ ಮೇಲೆ, ಎದೆಯ ನಟ್ಟನಡುವೆ, ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡ. ಅವಳಿಗೆ ಆಗ ಅರ್ಥವಾಯಿತು.

“ಬೇಡ ಕಣೋ. ಎಷ್ಟು ಹೊತ್ತು ಅಂತ ಕೂರ್ತೀಯ?”

“ಇಪ್ಪತ್ತೆರಡು ವರ್ಷದ್ದು ಒಂದೇ ದಿನ ತುಂಬಿಸ್ಕೋಬೇಕಲ್ಲ, ಸ್ವಲ್ಪ ಹೊತ್ತಾಗುತ್ತೆ.”

“ಸಾಯ್ತೀಯ.”

“ಸಾಯೋದಾಗಿದ್ರೆ ಯಾವಾಗ್ಲೋ ಸಾಯ್ಬೇಕಿತ್ತು. ಅದೂ ದಾಖಲೇಲಿ ಇರ್ತಿರ್ಲಿಲ್ಲ.” ಎರಡೂ ಕೈ ಮುಂದೆ ಚಾಚಿದ. “ಗ್ಲೌಸಿಗೆ ಟೇಪು ಸುತ್ತಿ ಅತ್ತಿಗೆ. ಒಬ್ಬನಿಗೇ ಸುತ್ಕೊಳ್ಳೋಕೆ ಬರಲ್ಲ.”

ಅವಳು ಕೂಗಿದ್ದರೆ ಕಾವಲಿನವರು ಬರುತ್ತಿದ್ದರು. ಅವಳು ಕೂಗಲಿಲ್ಲ. ಮಣಿಕಟ್ಟಿಗೆ ಮೂರು ಸುತ್ತು ಟೇಪು ಸುತ್ತಿ, ತುದಿಯನ್ನು ಮಡಚಿ ಬಿಟ್ಟಳು, ಬಿಚ್ಚುವಾಗ ಸಲೀಸಾಗಲಿ ಎಂದು. ತಂಗುದಾಣದಲ್ಲಿ ಕೇಳುತ್ತ ಕೂತವರೊಬ್ಬರು ಯಾಕೆ ಕೂಗಲಿಲ್ಲವೆಂದು ಪ್ರಶ್ನಿಸಿದರು. “ನೀನಾಗಿದ್ರೆ ಕೂಗ್ತಿದ್ದೆ ಬಿಡು,” ಎಂದಷ್ಟೇ ಹೇಳಿ ಅಕ್ಕ ಕಥೆ ಮುಂದುವರಿಸಿದಳು.

ಕೆಲಸ ನಿಂತ ಸ್ಥಾವರದಲ್ಲಿ ಮೀಟರಿನವನು ಆ ಹೊತ್ತಿಗೆ ಹೊರಗಿನ ಕಚೇರಿಯಲ್ಲಿರುತ್ತಿದ್ದ. ಫಿಲ್ಟರ್ ರೂಮಿನ ಕೀಲಿ ಎಲ್ಲಿ ತೂಗುತ್ತದೆಂದು ಮೂರ್ನಿಮಿಷನಿಗೆ ಗೊತ್ತಿತ್ತು. ಮುಂದಿನದನ್ನು ಅವನೇ ಆಮೇಲೆ ಅಕ್ಕನಿಗೆ ಹೇಳಿದ್ದು. ಒಳಗೆ ಹೋಗಿ, ಒಂದು ಬಕೆಟ್ಟನ್ನು ಬೋರಲು ಹಾಕಿ ಫಿಲ್ಟರಿಗೆ ಬೆನ್ನು ತಾಗಿಸಿ ಕೂತ. ಸೀಟಿ ಊದುವವರಿರಲಿಲ್ಲ, ಕೈಯಲ್ಲಿ ಗಡಿಯಾರವಿರಲಿಲ್ಲ. ಆದರೂ ಮೂರು ನಿಮಿಷ ಆಗುತ್ತಲೇ ಕಾಲುಗಳು ತಾವಾಗಿಯೇ ಎದ್ದು ನಿಂತವು. ಬೈದು ಕೂರಿಸಿದ. ಮತ್ತೆ ಎದ್ದವು. ಮೂರನೆಯ ಸಲ ಕಾಲುಗಳನ್ನು ಕೈಯಲ್ಲಿ ಅಪ್ಪಿ ಹಿಡಿದು ಕೂತನಂತೆ. ಅಷ್ಟು ವರ್ಷ ಹೋಗಿಬಂದರೂ ಆ ಕೋಣೆಯ ಛಾವಣಿಯನ್ನು ತಾನು ತಲೆಯೆತ್ತಿ ನೋಡಿಯೇ ಇರಲಿಲ್ಲ. ಅಲ್ಲಿ ಯಾರೋ ಸೀಮೆಸುಣ್ಣದಲ್ಲಿ ಒಂದು ಬಾತುಕೋಳಿ ಬರೆದಿದ್ದರು ಎಂದ.

ನಾಲ್ಕು ಗಂಟೆ ಇದ್ದನೆಂದು ಕೆಲವರು ಹೇಳುತ್ತಾರೆ. ಅಕ್ಕ ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದಳು: ಎರಡು ಗಂಟೆ ಐವತ್ತು ನಿಮಿಷ. ಅಷ್ಟು ಹೊತ್ತೂ ಒಗೆಯುವ ಮಿಶನ್ನು ಬಟ್ಟೆಯಿಲ್ಲದೆ ತಿರುಗುತ್ತಿತ್ತು.

ಒಂದು ಗಂಟೆಗೆ ಒಳಗಿನ ಕಿಟಕಿಯಲ್ಲಿ ಅವನ ಮುಖ ಕಾಣಿಸಿತು. ಕೂಲಿಯವರು ಹೊರಬರಬೇಕಾದ ದಾರಿಯಲ್ಲಿ ಮೈಯನ್ನೆಲ್ಲ ಪರೀಕ್ಷಿಸುವ ಚೌಕಟ್ಟಿದೆ. ವಿಕಿರಣದ ಕೊಳೆ ಅಂಟಿದ್ದರೆ ಗಂಟೆ ಬಾರಿಸಿ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆ ಚೌಕಟ್ಟಿಲ್ಲದ ದಾರಿ ಒಂದೇ, ಮೈಲಿಗೆ ಬಟ್ಟೆಯ ಗಾಡಿ ಬರುವ ಲಾಂಡ್ರಿಯ ಪಕ್ಕದ ಬಾಗಿಲು. ಅದರ ಚಿಲಕ ಅಕ್ಕನ ಕಡೆಗಿತ್ತು.

“ಅತ್ತಿಗೆ, ತೆಗೀರಿ.”

“ಉಡುಪು ಬಿಚ್ಚಿ ಬಾ.”

“ಬಿಚ್ಚಿದ್ರೆ ಮತ್ತೆ ಹೋಗಿಲ್ಲ ಅಂತಾರೆ.”

ಆ ಚಿಲಕವೇ ತನ್ನ ಕೆಲಸ, ತನ್ನ ಮನೆ, ತನ್ನ ಹತ್ತು ವರ್ಷದ ಅನ್ನ ಎಂದು ಅವಳಿಗೆ ಗೊತ್ತಿತ್ತು. ತೆಗೆದಳು.

ಅವನು ಬಿಳಿ ಉಡುಪಿನಲ್ಲಿ, ಕಾಲಿಗೆ ಹಾಕಿದ್ದ ಪ್ಲಾಸ್ಟಿಕ್ ಚೀಲಗಳು ಪರಪರ ಎನ್ನುತ್ತಿರಲು, ಉದ್ದದ ಮೊಗಸಾಲೆ ದಾಟಿ ಪಟ್ಟಿ ಸಾಹೇಬನ ಕೋಣೆಗೆ ನಡೆದ. ಸಾಹೇಬ, ಮೇಸ್ತ್ರಿ, ಇಬ್ಬರು ಗುಮಾಸ್ತರು, ಮೀಟರಿನವನು ಎಲ್ಲರೂ ಅಲ್ಲಿದ್ದರು. ಪಟ್ಟಿ ಮೇಜಿನ ಮೇಲಿತ್ತು. ಮೇಲಿನ ಕಚೇರಿಯವರು ನಾಲ್ಕು ಗಂಟೆಗೆ ಬಂದು ಅದಕ್ಕೆ ಸಹಿ ಹಾಕುವವರಿದ್ದರು. ಮೂರ್ನಿಮಿಷ ಎದೆಯ ಬಿಲ್ಲೆಯನ್ನು ಬಿಚ್ಚಿ ಪಟ್ಟಿಯ ಮೇಲಿಟ್ಟ.

“ಇದನ್ನ ಓದ್ಸಿ. ಈಗ ಹೋಗಿ ಬಂದಿದೀನಿ.”

ಮೀಟರಿನವನು ಮೆಲ್ಲಗೆ ಕೇಳಿದ. “ಯಾವ ರೂಮು?”

“ಫಿಲ್ಟರ್ ರೂಮು.”

“ಎಷ್ಟು ನಿಮಿಷ?”

“ಮೂರಾದ ಮೇಲೆ ಎಣಿಸೋಕೆ ನಿಮ್ಮೋರು ಕಲಿಸಿಲ್ಲ.”

ಮೀಟರಿನವನು ಮೀಟರು ಹಚ್ಚಿದ. ಟಿಕ್, ಟಿಕ್ ಎನ್ನುತ್ತಿದ್ದದ್ದು ಉಡುಪಿನ ಹತ್ತಿರ ಒಯ್ದೊಡನೆ ಒಂದೇ ಎಳೆಯ ಕಿರುಚಾಟವಾಯಿತು. ಮೊದಲು ಓಡಿದವನು ಮೇಸ್ತ್ರಿ. ಗುಮಾಸ್ತರು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡರು. ಪಟ್ಟಿ ಸಾಹೇಬ ಕಿಟಕಿ ಹತ್ತಿ ಹಾರಿದ. ಹಾಗೆ ಹಾರುವಾಗ, “ಮುಟ್ಬೇಡ, ಏನನ್ನೂ ಮುಟ್ಬೇಡ!” ಎಂದು ಕೂಗುತ್ತಿದ್ದ.

ಮೂರ್ನಿಮಿಷ ಎಲ್ಲವನ್ನೂ ಮುಟ್ಟಿದ. ಕುರ್ಚಿ ಎಳೆದು ಕೂತು, ಆ ಗ್ಲೌಸಿನ ಬೆರಳುಗಳಿಂದಲೇ ಪಟ್ಟಿಯ ಹಾಳೆಗಳನ್ನು ಒಂದೊಂದಾಗಿ ಮಗುಚಿದ. ನಲವತ್ತು ಹೆಸರಿನ ಮೇಲೂ ಬೆರಳಿಟ್ಟು ಓದಿದ. ತನ್ನದು ಇರಲಿಲ್ಲ. ಮತ್ತೆ ಮೊದಲಿಂದ ಓದಿದ.

ಕಾವಲಿನವರನ್ನು ಕರೆದರೆ, “ನಮ್ಮ ಡ್ಯೂಟಿ ಗೇಟಲ್ಲಿ ಸಾರ್, ಅದೆಲ್ಲ ನಮಗೆ ಬರಲ್ಲ,” ಎಂದು ಕೈಕಟ್ಟಿ ನಿಂತರು. ಕಾಯಂ ನೌಕರರು ಆಗಲೇ ವರ್ಗವಾಗಿ ಹೋಗಿದ್ದರು. ಎರಡೂವರೆಗೆ ಮೇಸ್ತ್ರಿ ಗೇಟು ದಾಟಿ ಇದೇ ತಂಗುದಾಣಕ್ಕೆ ಬಂದ. ಕೆಲಸ ಹೋದವರು ಮೂವತ್ತು ನಲವತ್ತು ಜನ ಇಲ್ಲೇ ಕೂತಿದ್ದರು. ಬಿಲ್ಲೆ ಕೊಟ್ಟು ಬಂದವರು, ಹೋಗಲು ಬೇರೆ ಜಾಗವಿಲ್ಲದವರು.

“ಇಬ್ಬರು ಬನ್ರೋ. ಅವನನ್ನ ಎತ್ತಿ ಹೊರಗೆ ಹಾಕ್ಬೇಕು. ಹತ್ತು ನಿಮಿಷದ ಕೆಲಸ.”

ಯಾರೂ ಏಳಲಿಲ್ಲ.

“ಏನ್ರೋ, ಕಿವುಡಾ? ನೆನ್ನೆವರೆಗೂ ಕಾಲು ಹಿಡೀತಿದ್ರಿ.”

“ನೀನೇ ಹೋಗಿ ಎತ್ಕೊ ಮೇಸ್ತ್ರಿ. ಎರಡು ಕೈ ಇದಾವಲ್ಲ, ಬರೀ ಟೀ ಹಿಡಿಯೋಕಾ?” ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು. ಒಂದಿಬ್ಬರು ನಕ್ಕರು.

ಮೇಸ್ತ್ರಿ ಬೈಯಲಿಲ್ಲ. ದನಿ ಇಳಿಸಿದ. “ಪಟ್ಟೀಲಿ ಎರಡು ಹೆಸರು ಸೇರಿಸ್ತಾರಂತೆ. ಸಾಹೇಬ್ರು ಮಾತು ಕೊಟ್ಟಿದಾರೆ. ಹತ್ತು ವರ್ಷ. ಮನೇನೂ ಉಳಿಯುತ್ತೆ.”

ಆಗ ನಗು ನಿಂತಿತು. ಆಮೇಲೆ ಇಬ್ಬರು ಎದ್ದರು. ಪಕ್ಕದಲ್ಲಿ ಕೂತವರು ಅವರಿಗೆ ದಾರಿಬಿಡಲು ಕಾಲು ಮಡಚಿಕೊಂಡರು. ತಡೆಯಲೂ ಇಲ್ಲ, ಉಗಿಯಲೂ ಇಲ್ಲ. ಆ ಇಬ್ಬರು ಯಾರೆಂದು ಅಕ್ಕ ಹೇಳುವುದಿಲ್ಲ.

ಅವರಿಗೆ ಉಡುಪು ಕೊಟ್ಟವಳೂ ಅವಳೇ. ಅವರು ಅವಳ ಕಣ್ಣು ತಪ್ಪಿಸಿ ತೊಟ್ಟುಕೊಂಡರು. ಒಬ್ಬ, “ಬಿಲ್ಲೆ?” ಎಂದು ಕೇಳಿದ್ದಕ್ಕೆ ಮೇಸ್ತ್ರಿ, “ಹತ್ತು ನಿಮಿಷಕ್ಕೆ ಯಾವನಿಗೆ ಬೇಕಯ್ಯ ಬಿಲ್ಲೆ, ಹೋಗಿ ಎಳ್ಕೊಂಡು ಬನ್ನಿ,” ಎಂದು ಬೆನ್ನಿಗೆ ಕೈ ಹಾಕಿ ತಳ್ಳಿದ.

ಮೂರ್ನಿಮಿಷ ಪಟ್ಟಿಯಿಂದ ತಲೆಯೆತ್ತಿ ಬಾಗಿಲಲ್ಲಿ ನಿಂತ ಇಬ್ಬರನ್ನು ನೋಡಿದ. ಮುಖ ನೋಡಲಿಲ್ಲ, ಎದೆ ನೋಡಿದ.

“ಬಿಲ್ಲೆ ಎಲ್ರೋ?”

“ಕೊಡ್ಲಿಲ್ಲ ಕಣಣ್ಣ.”

“ಹಾಗಾದ್ರೆ ಹೊಸ್ತಿಲು ದಾಟ್ಬೇಡಿ. ಹಿಂದೆ ಹೋಗಿ. ಇನ್ನೂ ಹಿಂದೆ.”

“ಅಣ್ಣ, ನಮಗೆ ಬೇರೆ ದಾರಿ ಇಲ್ಲ. ಸಿಟ್ಟಾಗ್ಬೇಡ. ಬಂದ್ಬಿಡು.”

“ಸಿಟ್ಟಿಲ್ಲ. ನಾನಾಗಿದ್ರೂ ಬರ್ತಿದ್ದೆ. ಆದ್ರೆ ಬಿಲ್ಲೆ ಇಲ್ದೆ ಮುಟ್ಟಿದ್ರೆ ನಾಳೆ ನಿಮ್ಮನ್ನೂ ಬಂದೇ ಇಲ್ಲ ಅಂತಾರೆ.” ಅವನು ಎದ್ದು ಕಿಟಕಿಗೆ ಬಂದ. ಅಂಗಳದಲ್ಲಿ ದೂರ ನಿಂತವರೆಲ್ಲ ಇನ್ನಷ್ಟು ದೂರ ಸರಿದರು. “ಏಯ್ ಮೇಸ್ತ್ರಿ! ಇವರಿಬ್ಬರ ಹೆಸರು ಬರೆದು ಬಿಲ್ಲೆ ಕೊಡೋವರೆಗೂ ನಾನು ಈ ಕುರ್ಚಿ ಬಿಡಲ್ಲ. ಪಟ್ಟೀನೂ ಬಿಡಲ್ಲ. ಅರ್ಜೆಂಟಿದ್ರೆ ನೀನೇ ಬಂದು ಹೊತ್ಕೊಂಡು ಹೋಗೋ ಬೋಳಿಮಗನೆ, ನಿನಗೂ ಗೊತ್ತಾಗ್ಲಿ ಒಳಗೆ ಹೋಗೋದು ಅಂದ್ರೆ ಏನು ಅಂತ!”

ಪಟ್ಟಿ ಸಾಹೇಬ ಗಡಿಯಾರ ನೋಡಿಕೊಂಡ. ಮೇಸ್ತ್ರಿಯನ್ನು ನೋಡಿದ. ಮೂರೂ ಮುಕ್ಕಾಲಿಗೆ ಕಾರಿನ ಮೂತಿಯ ಮೇಲೆ ಕಾಗದ ಹರಡಿ, ಮೀಟರಿನವನಿಂದ ಎರಡು ಹೊಸ ಬಿಲ್ಲೆ ತರಿಸಿ, ಇಬ್ಬರ ಹೆಸರನ್ನೂ ತನ್ನ ಕೈಯಿಂದಲೇ ಬರೆದು ಸಹಿ ಹಾಕಿದ. ಹೆಸರಿನ ಕಾಗುಣಿತ ಕೇಳಿ ಕೇಳಿ ಬರೆದ. ಇಬ್ಬರೂ ಬಿಲ್ಲೆ ಸಿಕ್ಕಿಸಿಕೊಂಡು ಮತ್ತೆ ಬಾಗಿಲಿಗೆ ಹೋದರು.

ಮೂರ್ನಿಮಿಷ ಬಗ್ಗಿ ನೋಡಿ ಎರಡೂ ಬಿಲ್ಲೆಯ ಮೇಲಿನ ಹೆಸರು ಓದಿದ. ಆಮೇಲೆ ತಾನಾಗಿಯೇ ಎದ್ದು ಹೊರಟ. ಎತ್ತಿಕೊಂಡು ಬರುವ ಪ್ರಮೇಯ ಬರಲಿಲ್ಲ. ಮೂರು ಹೆಜ್ಜೆ ನಡೆದ ಮೇಲೆ ಅವನಿಗೆ ವಾಂತಿಯಾಯಿತು. ಆಗ ಇಬ್ಬರೂ ಎರಡು ಕಡೆಯಿಂದ ಹಿಡಿದುಕೊಂಡರು.

ಆ ಕೋಣೆಯ ಮೇಜು, ಕುರ್ಚಿ, ಪಟ್ಟಿ ಎಲ್ಲವನ್ನೂ ಪೀಪಾಯಿಗಳಲ್ಲಿ ತುಂಬಿ ಮುಚ್ಚಳ ಬಿಗಿದರು. ಕಂಪ್ಯೂಟರಿನಲ್ಲಿ ಇನ್ನೊಂದು ಪಟ್ಟಿ ಇದ್ದೇ ಇತ್ತು. ಸೋಮವಾರ ಅದು ಅಚ್ಚಾಗಿ ಗೇಟಿನಲ್ಲಿ ಅಂಟಿತು. ಅದರಲ್ಲಿ ಮೂವತ್ತೊಂಬತ್ತು ಹೆಸರುಗಳಿದ್ದವು. ಲಾಂಡ್ರಿ ಅಕ್ಕನದು ಇರಲಿಲ್ಲ. ಆ ಇಬ್ಬರದೂ ಇರಲಿಲ್ಲ. ಮೂರು ವಾರದ ಮೇಲೆ ಆ ಇಬ್ಬರ ಬಿಲ್ಲೆ ಓದಿಸಿದ ಕಾಗದ ಅವರವರ ಮನೆಗೆ ಬಂತು. ಅಂಕಿ ಚಿಕ್ಕದು, ಆದರೆ ಸೊನ್ನೆಯಲ್ಲ. ಮೂರ್ನಿಮಿಷನ ಬಿಲ್ಲೆಯ ಬಗ್ಗೆ ಬಂದ ಉತ್ತರದಲ್ಲಿ, ಹೊರಗಿನ ವ್ಯಕ್ತಿಯ ಅಕ್ರಮ ಪ್ರವೇಶವಾದ್ದರಿಂದ ಅಂಕಿಯನ್ನು ದಾಖಲಿಸಲು ಬರುವುದಿಲ್ಲ ಎಂದಿತ್ತು.

ಅಕ್ಕ ಇಲ್ಲಿಗೆ ನಿಲ್ಲಿಸಿದಳು. ತಂಗುದಾಣದ ಒಂದು ಮೂಲೆಯಿಂದ ಯಾರೋ ಕೇಳಿದರು. “ಈಗ ಹೇಗಿದಾನಕ್ಕ?”

“ನನ್ನ ಜೊತೇಲೇ ಇದಾರೆ ಗಂಡ ಹೆಂಡತಿ. ಸಂತೆ ಹಿಂದಿನ ಶೆಡ್ಡಲ್ಲಿ. ಬೆಳಗ್ಗೆ ಎದ್ದು ಕೂತಿದ್ದ. ಗಂಜಿ ಕುಡಿದ. ಕುಡಿದಿದ್ದು ನಿಲ್ಲಲಿಲ್ಲ.”

“ಎಷ್ಟಂತೆ ಅವನ ಅಂಕಿ?”

“ಅವರು ಹೇಳ್ಲಿಲ್ಲ ಅಂದೆನಲ್ಲ. ವಾರಕ್ಕೊಂದು ಸಲ ಅವನ ಹೆಂಡತಿ ಗೇಟಿಗೆ ಹೋಗಿ ಕೇಳ್ತಾಳೆ. ಇವತ್ತೂ ಕೇಳಿದ್ಲು.”

ಬಿಸಿಲು ಬೆಂಚಿನ ಕಾಲಿನವರೆಗೆ ಬಂದಿತ್ತು. ಮೊದಲು ಎದ್ದವರು ಇಬ್ಬರು. ಯಾರ ಮುಖವನ್ನೂ ನೋಡದೆ ರಸ್ತೆಗಿಳಿದು ನಡೆದರು. ಉಳಿದವರು ಅವರು ತಿರುವು ದಾಟುವವರೆಗೆ ಕೂತಿದ್ದು, ಆಮೇಲೆ ಬಟ್ಟೆಯ ಧೂಳು ಕೊಡವಿಕೊಂಡು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.